ಕೈಪಿಡಿಯ ಜೋಂಬಿಗೆ ಒಂದು ಚಿಟಿಕೆ ಉಪ್ಪು

ಪುಸ್ತಕದ ಮೊದಲ ಪುಟ, ಕೊನೆಯ ಪುಟ ಓದಿಕೊಂಡರೆ ನಡುವಿನದು ತಾನಾಗಿ ತಿಳಿಯುತ್ತದೆ ಎಂಬುದು ಪಂಡಿತರ ಸಿದ್ಧಾಂತ. ಅವರು ನಿಜವಾಗಿ ಪಂಡಿತರಲ್ಲ, ನಗರಸಭೆಯ ಬೈಂಡರ್. ಮೂವತ್ತೊಂದು ವರ್ಷದಿಂದ ದಬ್ಬಣ, ಹುರಿ, ಗೋಂದು, ರಟ್ಟುಗಳ ನಡುವೆ ಕೂತು ನಡಾವಳಿ ಪುಸ್ತಕ, ನೀರಿನ ಪುಸ್ತಕ, ಜನನ ಮರಣದ ಪುಸ್ತಕ ಎಲ್ಲವನ್ನೂ ಹೊಲಿದವರು. ಹೊಲಿಯುವ ಮುಂಚೆ ಮೊದಲ ಹಾಳೆ ಸರಿಯಿದೆಯೇ, ಕೊನೆಯ ಹಾಳೆ ಸರಿಯಿದೆಯೇ ಎಂದು ನೋಡುವುದು ಬೈಂಡರನ ಕೆಲಸ. ಹಾಗೆ ನೋಡುತ್ತ ನೋಡುತ್ತ ಅವರಿಗೆ ಭೂಮಿಯ ಮೇಲಿನ ಎಲ್ಲ ವಿಷಯದಲ್ಲೂ ಎರಡೆರಡು ಪುಟದ ಜ್ಞಾನ ಸಂಪಾದನೆಯಾಗಿತ್ತು. ಅದನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಜಿಪುಣತನ ಅವರಲ್ಲಿರಲಿಲ್ಲ.

ಅವರ ಕೋಣೆ ಕಟ್ಟಡದ ಹಿಂಬದಿಯಲ್ಲಿ, ರೆಕಾರ್ಡ್ ರೂಮಿಗೂ ಸೈಕಲ್ ಸ್ಟ್ಯಾಂಡಿಗೂ ನಡುವೆ. ಒಂದು ಕಿಟಕಿ, ಒಂದು ಉದ್ದನೆ ಮೇಜು, ಹಲ್ಲು ಸವೆದ ಒತ್ತುಯಂತ್ರ. ಆ ಕೋಣೆಯ ಮೇಲೆ ದೊಡ್ಡ ಸಾಹೇಬರ ಕಣ್ಣು ಬಿದ್ದು ಎರಡು ವರ್ಷವಾಗಿತ್ತು. ಹೊರಗೆ ಯಂತ್ರದಲ್ಲಿ ಕಟ್ಟಿಸಿದರೆ ಬೇಗ ಆಗುತ್ತದೆ, ಇಲ್ಲಿ ಸಾಹೇಬರ ಕಾರು ನಿಲ್ಲಿಸಬಹುದು ಎಂಬ ಟಿಪ್ಪಣಿ ಕಡತದಲ್ಲಿ ಸಿದ್ಧವಾಗಿಯೇ ಇತ್ತು. "ಒಂದು ತಪ್ಪು ಸಿಗಲಿ," ಎಂದು ಸಾಹೇಬರು ಹೇಳಿದ್ದನ್ನು ನಾಲ್ಕು ಜನ ಪಂಡಿತರ ಕಿವಿಗೆ ಹಾಕಿದ್ದರು. "ಸ್ಮಶಾನದ ಗೇಟಿನಲ್ಲಿ ರಿಜಿಸ್ಟರ್ ಬರೆಯೋ ಜಾಗ ಖಾಲಿ ಇದೆ, ಅಲ್ಲಿಗೆ ಹೋಗಿ ಕೂರಲಿ." ಅಂದಿನಿಂದ ಪಂಡಿತರು ಪ್ರತಿ ಪುಸ್ತಕವನ್ನೂ ಮೂರು ಸಲ ಎಣಿಸುತ್ತಿದ್ದರು. ಬಿಪಿ ಇನ್ನಷ್ಟು ಏರಿತು. ಹೆಂಡತಿ ಅದಕ್ಕೂ ಎರಡು ವರ್ಷ ಮುಂಚೆಯೇ ಅವರ ಊಟದಿಂದ ಉಪ್ಪನ್ನು ತೆಗೆದುಹಾಕಿದ್ದಳು. ಈಗ ಉಪ್ಪಿನ ಡಬ್ಬಿಯನ್ನು ಕಪಾಟಿನ ಮೇಲಿನ ಹಲಗೆಗೆ ಏರಿಸಿದಳು.

ಹೀಗಿರುವಾಗ ಹೆಂಡತಿಯ ತಮ್ಮನ ಪ್ರಬಂಧ ಮುಗಿಯಿತು. ಅವನು ಒಂಬತ್ತು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದ. ವಿಷಯ ಜೋಂಬಿ: ಜಾನಪದದಲ್ಲಿ, ಸಿನಿಮಾದಲ್ಲಿ, ರಾಜಕೀಯ ಚಿಂತನೆಯಲ್ಲಿ. "ನನ್ನ ತಮ್ಮನ ಪುಸ್ತಕ ನೀವಲ್ದೆ ಇನ್ಯಾರು ರೀ ಕಟ್ಬೇಕು?" ಎಂದಳು ಹೆಂಡತಿ. ಕಚೇರಿಯ ಗೋಂದಿನಲ್ಲಿ ಮನೆಯ ಪುಸ್ತಕ ಅಂಟಿಸುವುದು ಮಹಾಪರಾಧ ಎಂದು ಪಂಡಿತರಿಗೆ ಗೊತ್ತಿತ್ತು. ಹೆಂಡತಿಗೆ ಎದುರು ಹೇಳುವುದು ಅದಕ್ಕಿಂತ ದೊಡ್ಡ ಅಪರಾಧ ಎಂದೂ ಗೊತ್ತಿತ್ತು.

ಅದೇ ವಾರ ನಗರಸಭೆಯ ನಿಯಮಗಳ ಹೊಸ ಕೈಪಿಡಿ ಬೈಂಡಿಂಗಿಗೆ ಬಂತು. ಹನ್ನೊಂದು ವಿಭಾಗಕ್ಕೆ ಹನ್ನೊಂದು ಪ್ರತಿ. ಕೈಪಿಡಿಯೂ ಪ್ರಬಂಧವೂ ಒಂದೇ ಅಚ್ಚುಮನೆಯಲ್ಲಿ, ಒಂದೇ ಅಳತೆಯ ಕಾಗದದಲ್ಲಿ, ಒಂದೇ ಅಕ್ಷರದಲ್ಲಿ ಅಚ್ಚಾಗಿದ್ದವು. ಪಂಡಿತರು ಹಾಳೆಗಳನ್ನು ಹದಿನಾರು ಪುಟಕ್ಕೊಂದು ಕಟ್ಟಿನಂತೆ ಮಡಿಸಿ, ಗುಡ್ಡೆ ಹಾಕಿ, ಪುಟದ ಸಂಖ್ಯೆ ನೋಡಿ ಒಂದೊಂದಾಗಿ ಜೋಡಿಸುತ್ತಿದ್ದರು. ಎದುರಿಗೆ ರೆಕಾರ್ಡ್ ಗುಮಾಸ್ತ ಟೀ ಹಿಡಿದು ಕೂತಿದ್ದ. ಕೇಳುವವನೊಬ್ಬ ಕೂತ ಮೇಲೆ ಪಂಡಿತರ ಬಾಯಿ ಸುಮ್ಮನಿರುವುದುಂಟೇ?

"ಜೋಂಬಿ ಅಂದ್ರೆ ದೆವ್ವ ಅಲ್ಲಪ್ಪ. ದೆವ್ವಕ್ಕೆ ಆಸೆ ಇರುತ್ತೆ, ಸಿಟ್ಟು ಇರುತ್ತೆ. ಇದಕ್ಕೆ ಏನೂ ಇಲ್ಲ. ಮಂತ್ರವಾದಿ ಸತ್ತವನನ್ನ ಎಬ್ಬಿಸ್ತಾನೆ, ಹೊಲಕ್ಕೆ ಕಳಿಸ್ತಾನೆ. ಅವನು ದುಡೀತಾನೆ. ಯಾಕೆ ಅಂತ ಕೇಳಲ್ಲ."

"ರಜೆ?" ಎಂದ ಗುಮಾಸ್ತ.

"ಇಲ್ಲ."

"ಬಡ್ತಿ?"

"ಸತ್ತವನಿಗೆ ಎಂಥ ಬಡ್ತಿ?"

ಗುಮಾಸ್ತ ಲೋಟ ಕೆಳಗಿಟ್ಟ. ಅವನಿಗೆ ಹನ್ನೆರಡು ವರ್ಷದಿಂದ ಬಡ್ತಿ ಬಂದಿರಲಿಲ್ಲ.

"ಅದು ಮೊದಲನೇ ಪುಟ," ಎಂದರು ಪಂಡಿತರು. "ಕೊನೇ ಪುಟದಲ್ಲಿ ರಾಜಕೀಯ. ಅಪ್ಪಣೆ ಬಂದ ತಕ್ಷಣ ಯೋಚನೆ ಮಾಡದೆ ಎದ್ದು ನಡೆಯೋ ಜನ ಎಲ್ಲಿ ಸೇರ್ತಾರೋ, ಅಲ್ಲಿ ಜೋಂಬಿಗಳ ರಾಜ್ಯ ಕಟ್ಟೋದು ಸುಲಭ ಅಂತೆ." ರಾಜ್ಯ ಎನ್ನುವಾಗ ಅವರ ಬಲಗೈ ಗಾಳಿಯಲ್ಲಿ ದೊಡ್ಡದೊಂದು ಸುತ್ತು ಹಾಕಿತು. ಇಳಿದದ್ದು ಪಕ್ಕದ ಪ್ರಬಂಧದ ಗುಡ್ಡೆಯ ಮೇಲೆ. ನೂರ ಹದಿಮೂರು ಎಂಬ ಸಂಖ್ಯೆ ಅಲ್ಲೂ ಇತ್ತು, ಇಲ್ಲೂ ಇತ್ತು. ದಬ್ಬಣ ತನ್ನ ಪಾಡಿಗೆ ಹೊಲಿದುಕೊಂಡು ಹೋಯಿತು.

ಸೋಮವಾರ ಬೆಳಿಗ್ಗೆ ಭಾವಮೈದುನನ ಫೋನು ಬಂತು.

"ಭಾವ, ನನ್ನ ಪ್ರಬಂಧದಲ್ಲಿ ಚರಂಡಿ ಇದೆ."

"ಎಂಥ ಚರಂಡಿ?"

"ನೂರ ಹದಿಮೂರನೇ ಪುಟದಿಂದ ನೂರ ಇಪ್ಪತ್ತೆಂಟರವರೆಗೆ. ಅಗಲ ಎಷ್ಟಿರಬೇಕು, ಆಳ ಎಷ್ಟಿರಬೇಕು, ಹದಿನೈದು ದಿನಕ್ಕೊಂದ್ಸಲ ಹೂಳು ತೆಗೀಬೇಕು ಅಂತ. ನನ್ನ ಜಾನಪದದ ಅಧ್ಯಾಯ ಕಾಣ್ತಿಲ್ಲ. ಪುಸ್ತಕ ಆಗ್ಲೇ ಗೈಡ್ ಕೈಲಿದೆ."

ಆ ಅಧ್ಯಾಯ ಎಲ್ಲಿದೆ ಎಂದು ತಿಳಿಯಲು ಪಂಡಿತರಿಗೆ ಸಿದ್ಧಾಂತ ಬೇಕಿರಲಿಲ್ಲ. ಹನ್ನೊಂದು ಕೈಪಿಡಿಗಳಲ್ಲಿ ಯಾವುದೋ ಒಂದರ ಹೊಟ್ಟೆಯಲ್ಲಿ ಕೂತಿದೆ. ಅವರು ಗೋಂದಿನ ಡಬ್ಬಿ ಹಿಡಿದು, ಪುಸ್ತಕದ ಬೆನ್ನಿನ ಗೋಂದು ಒಣಗಿದೆಯೇ ನೋಡಬೇಕೆಂಬ ನೆಪ ಮಾಡಿಕೊಂಡು ವಿಭಾಗದಿಂದ ವಿಭಾಗಕ್ಕೆ ಹೊರಟರು. ಹತ್ತು ವಿಭಾಗಗಳಲ್ಲಿ ಕೈಪಿಡಿಯನ್ನು ಯಾರೂ ತೆರೆದಿರಲಿಲ್ಲ. ಒಂದರ ಮೇಲೆ ಹೂವಿನ ಕುಂಡ ಇತ್ತು. ಒಂದು ಅಲುಗಾಡುವ ಮೇಜಿನ ಕಾಲಿಗೆ ಆಧಾರವಾಗಿತ್ತು. ಹತ್ತರಲ್ಲೂ ಚರಂಡಿ ಚರಂಡಿಯ ಜಾಗದಲ್ಲೇ ಇತ್ತು.

ಹನ್ನೊಂದನೆಯದು ಆರೋಗ್ಯ ವಿಭಾಗದ್ದು. ಅಲ್ಲಿನ ಡಾಕ್ಟರ್ ಮೇಡಂ ವರ್ಗವಾಗಿ ಬಂದು ಮೂರು ವಾರ ಆಗಿತ್ತು. ಬಂದ ಕೆಲಸವನ್ನು ನಿಜವಾಗಿಯೂ ಮಾಡಬೇಕು ಎಂಬ ವಿಚಿತ್ರ ಹಟದವರು. ಕೈಪಿಡಿ ಅವರ ಮೇಜಿನ ಮೇಲೆ ಅಂಗಾತ ತೆರೆದುಕೊಂಡಿತ್ತು. ಅಂಚಿನಲ್ಲೆಲ್ಲ ಕೆಂಪು ಪೆನ್ಸಿಲಿನ ಗೆರೆಗಳು.

"ಬನ್ನಿ ಪಂಡಿತ್ರೇ. ಈ ನೂರ ಹದಿಮೂರನೇ ಪುಟ ನೋಡಿದ್ರಾ? ಇಷ್ಟು ಮುಖ್ಯವಾದದ್ದನ್ನ ಇಷ್ಟು ದಿನ ಯಾರೂ ಜಾರಿ ಮಾಡೇ ಇಲ್ಲ."

ಅವರು ಗಟ್ಟಿಯಾಗಿ ಓದಿದರು. "ಪೀಡಿತನು ಕರೆದರೆ ಬರುತ್ತಾನೆ, ಕೂರಿಸಿದರೆ ಕೂರುತ್ತಾನೆ. ನಡಿಗೆ ನಿಧಾನ, ನೋಟ ಶೂನ್ಯ. ತಾನು ಮಾಡುವ ಕೆಲಸವನ್ನು ಏಕೆ ಮಾಡುತ್ತಿದ್ದೇನೆ ಎಂದು ಕೇಳುವುದಿಲ್ಲ." ಭಾವಮೈದುನ ಶೈಲಿಯ ಮೋಹದಲ್ಲಿ ಇಡೀ ಅಧ್ಯಾಯದಲ್ಲಿ ಜೋಂಬಿ ಎಂಬ ಮಾತನ್ನೇ ಬಳಸಿರಲಿಲ್ಲ. ಎಲ್ಲ ಕಡೆಯೂ ಪೀಡಿತ, ಪೀಡಿತ ಎಂದೇ ಬರೆದಿದ್ದ.

"ಮೇಡಂ, ಈ ಪ್ರತಿಯ ಹೊಲಿಗೆ ಸ್ವಲ್ಪ ಸಡಿಲ ಇದೆ. ಒಂದರ್ಧ ಗಂಟೆ ಕೊಟ್ರೆ ಬಿಗಿ ಮಾಡಿ ತಂದುಕೊಡ್ತೀನಿ."

"ಮೊಹರು ಬಿದ್ದ ಪುಸ್ತಕದ ಹೊಲಿಗೆ ಬಿಚ್ಚೋಕೆ ದೊಡ್ಡ ಸಾಹೇಬರ ಲಿಖಿತ ಅಪ್ಪಣೆ ಬೇಕು. ನಾಲ್ಕನೇ ಪುಟದಲ್ಲಿದೆ," ಎಂದರು ಮೇಡಂ. "ಅದೂ ಅಲ್ದೆ, ಬುಧವಾರ ಸಮೀಕ್ಷೆ ಶುರು. ಮೊದಲು ನಮ್ಮ ಕಚೇರಿಯಿಂದಲೇ."

ಉಳಿದದ್ದು ಒಂದೇ ದಾರಿ. ಚರಂಡಿಯ ಪುಟಗಳನ್ನು ವಾಪಸು ತಂದಿಟ್ಟುಕೊಂಡು, ಊಟದ ಹೊತ್ತಿನಲ್ಲಿ ಮೇಡಂ ಕೈತೊಳೆಯಲು ಹೋದಾಗ ಪುಸ್ತಕ ಎತ್ತಿಕೊಂಡು ಓಡುವುದು. ಪಂಡಿತರು ಮಂಗಳವಾರ ಸಂಜೆ ಭಾವಮೈದುನನ ರೂಮಿಗೆ ಹೋದರು. ಅವನು ಹೊಸ ಶರ್ಟು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದ.

"ಮುಟ್ಟಬೇಡಿ ಭಾವ. ಗೈಡ್ ಇಡೀ ಪ್ರಬಂಧದಲ್ಲಿ ಆ ಹದಿನಾರು ಪುಟನೇ ಮೆಚ್ಚಿಕೊಂಡಿದ್ದಾರೆ. ರಾಜಕೀಯ ಚಿಂತನೆ ಬಗ್ಗೆ ನೀನು ಒಂಬತ್ತು ವರ್ಷ ಹೇಳೋಕೆ ಆಗದೇ ಇದ್ದದ್ದನ್ನ ಇಲ್ಲಿ ಹೇಳಿದ್ದೀಯ ಅಂದ್ರು. ಯಾರೂ ಓದದ, ಯಾರೂ ಪಾಲಿಸದ, ಆದ್ರೂ ವರ್ಷ ವರ್ಷ ಎದ್ದು ಬರೋ ನಿಯಮ. ಇದೇ ನಿಜವಾದ ಜೋಂಬಿ ಅಂದ್ರು. ಕಣ್ಣಲ್ಲಿ ನೀರಿತ್ತು ಭಾವ."

"ನನ್ನ ಕೆಲಸ ಹೋಗುತ್ತಪ್ಪ."

"ನನ್ನ ಡಾಕ್ಟರೇಟ್ ಹೋಗುತ್ತೆ. ಅಕ್ಕನಿಗೆ ಯಾವುದು ಹೇಳ್ತೀರ ಯೋಚನೆ ಮಾಡಿ."

ಪಂಡಿತರು ಯೋಚನೆ ಮಾಡಿದರು. ಯೋಚನೆ ಮಾಡುತ್ತಲೇ ಮನೆಗೆ ಬಂದು, ಸಪ್ಪೆ ಊಟ ಮಾಡಿ, ಏನೂ ಹೇಳದೆ ಮಲಗಿದರು.

ಬುಧವಾರ ಮೇಡಂ ಒಂದು ಟಾರ್ಚು, ಒಂದು ಕಟ್ಟು ಫಾರಂ ಹಿಡಿದು ಹೊರಟರು. ತೆರಿಗೆ ವಿಭಾಗದಲ್ಲಿ ಕಣ್ಣಿಗೆ ಟಾರ್ಚು ಬಿಟ್ಟು ಕೇಳಿದರು, "ಈ ಪಟ್ಟಿ ಯಾಕೆ ಬರೀತೀರಿ?"

"ಹಿಂದಿನವರು ಬರೀತಿದ್ರು."

"ಇದನ್ನ ಯಾರು ನೋಡ್ತಾರೆ?"

"ಮುಂದಿನವರು."

ಒಂದು ಗುರುತು ಬಿತ್ತು. ತೆರಿಗೆಯಲ್ಲಿ ಹದಿನಾರರಲ್ಲಿ ಹದಿನಾಲ್ಕು. ಜನನ ಮರಣದಲ್ಲಿ ಎಲ್ಲರೂ. ನೀರಿನ ವಿಭಾಗದಲ್ಲಿ ಒಬ್ಬ ಮಾತ್ರ ಚುರುಕಾಗಿ ಉತ್ತರ ಕೊಟ್ಟ. ವಿಚಾರಿಸಿದರೆ ಅವನು ಆ ಕಚೇರಿಯವನಲ್ಲ, ನಲ್ಲಿ ಬರುತ್ತಿಲ್ಲವೆಂದು ದೂರು ಕೊಡಲು ಬಂದವನು. ಮಧ್ಯಾಹ್ನದ ಹೊತ್ತಿಗೆ ಪೀಡಿತರ ಸಂಖ್ಯೆ ನಲವತ್ತಮೂರಕ್ಕೆ ಏರಿತು. ಹೆಸರು ಬಂದವರೆಲ್ಲ ಗಾಬರಿಯಾಗಬೇಕಿತ್ತು, ಆದರೆ ಅವರಿಗೆ ಹುಷಾರಿಲ್ಲದ ರಜೆ ಸಿಗಬಹುದು ಎಂಬ ಸುದ್ದಿ ಹಬ್ಬಿತ್ತು. ಪಟ್ಟಿಯಿಂದ ಬಿಟ್ಟುಹೋದವರು ಮೇಡಂ ಹಿಂದೆ ನಿಧಾನವಾಗಿ, ಶೂನ್ಯ ನೋಟ ಬೀರುತ್ತ ನಡೆಯತೊಡಗಿದರು.

ಬೈಂಡಿಂಗ್ ಕೋಣೆಗೆ ಅವರು ಬಂದಾಗ ಪಂಡಿತರು ಊಟದ ಡಬ್ಬಿ ಬಿಚ್ಚಿದ್ದರು. ಗುಮಾಸ್ತ ಸ್ನೇಹಿತನಿಗೆ ಒಳ್ಳೆಯದಾಗಲೆಂದು ಬಾಯಿ ಹಾಕಿದ. "ಇವರ ಆರೋಗ್ಯ ತುಂಬ ಕಟ್ಟುನಿಟ್ಟು ಮೇಡಂ. ನಾಲ್ಕು ವರ್ಷದಿಂದ ಒಂದು ಹರಳು ಉಪ್ಪು ತಿಂದಿಲ್ಲ."

ಮೇಡಂ ಮುಖ ಬಿಳಿಚಿತು. ಕೈಪಿಡಿ ತೆರೆದರು. ನೂರ ಹತ್ತೊಂಬತ್ತನೇ ಪುಟ. "ಉಪ್ಪು ನಾಲಿಗೆಗೆ ಸೋಕಿದರೆ ಪೀಡಿತನಿಗೆ ಎಚ್ಚರವಾಗುತ್ತದೆ. ಆದ್ದರಿಂದ ಒಡೆಯನು ಅವನ ಊಟದಲ್ಲಿ ಉಪ್ಪು ಬೀಳದಂತೆ ನೋಡಿಕೊಳ್ಳುತ್ತಾನೆ."

"ಪಂಡಿತ್ರೇ, ನಿಮಗೆ ಉಪ್ಪು ಕೊಡಬಾರ್ದು ಅಂತ ಮಾಡಿದ್ದು ಯಾರು?"

"ಮನೆಯವಳು," ಎಂದರು ಪಂಡಿತರು.

ಕೆಂಪು ಪೆನ್ಸಿಲು ಫಾರಮಿನ ಮೇಲೆ ಬರೆಯಿತು: ಒಡೆಯ, ಹೆಂಡತಿ.

ಗುರುವಾರ ಮೇಡಂ ಇಬ್ಬರು ಸಿಬ್ಬಂದಿಯೊಂದಿಗೆ ಪಂಡಿತರ ಮನೆಗೆ ಹೋದರು. ಬೀದಿಯ ಕಿಟಕಿಗಳೆಲ್ಲ ಒಂದೇ ಸಲ ತೆರೆದುಕೊಂಡವು. ಪಂಡಿತರ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಳು.

"ಹೌದು, ಉಪ್ಪು ನಿಲ್ಲಿಸಿದ್ದು ನಾನೇ. ಏನೀಗ?"

"ನೀವು ಹೇಳಿದ್ದನ್ನ ಅವರು ಕೇಳ್ತಾರಾ?"

"ಕೇಳ್ತಾರೆ."

"ಯಾಕೆ, ಏನು ಅಂತ ತಿರುಗಿ ಕೇಳಿದ್ದುಂಟಾ?"

"ಅವರು ಯಾಕೆ ಕೇಳ್ಬೇಕು? ನಾನು ಹೇಳ್ತಿದ್ದೀನಲ್ಲ."

ಎದುರುಮನೆಯ ಅಜ್ಜಿ ಕಿಟಕಿಯಿಂದ, "ನಮ್ಮನೆ ಅಳಿಯನಿಗೂ ಒಂದು ಫಾರಂ ತುಂಬಿಸಮ್ಮ, ಅವನು ನಾವು ಹೇಳಿದ್ದು ಏನೂ ಕೇಳಲ್ಲ," ಎಂದಳು. ಅದು ಬೇರೆ ಕಾಯಿಲೆ ಎಂದು ಮೇಡಂ ಸಮಾಧಾನ ಹೇಳಿದರು. ಹೊರಡುವ ಮುಂಚೆ ಪಂಡಿತರ ಹೆಂಡತಿಯ ಕೈಗೆ ಒಂದು ನೋಟೀಸು ಕೊಟ್ಟರು. ಸರಕಾರಿ ನೌಕರನನ್ನು ಪೀಡಿತ ಸ್ಥಿತಿಯಲ್ಲಿ ಇರಿಸಿಕೊಂಡ ಬಗ್ಗೆ ಶುಕ್ರವಾರ ಹನ್ನೊಂದು ಗಂಟೆಗೆ ದೊಡ್ಡ ಸಾಹೇಬರ ಮುಂದೆ ವಿಚಾರಣೆ. ತಪ್ಪು ಸಾಬೀತಾದರೆ ಪೊಲೀಸಿಗೆ ಒಪ್ಪಿಸುವುದು.

ಆ ಸಂಜೆ ಹೆಂಡತಿ ಜೋರು ಮಾಡಲಿಲ್ಲ. ನೋಟೀಸನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ರೀ, ನಿಮ್ಮ ಒಳ್ಳೇದಕ್ಕೆ ತಾನೆ ನಾನು ಮಾಡಿದ್ದು?" ಎಂದು ಒಂದೇ ಸಲ ಕೇಳಿದಳು. ಪಂಡಿತರು ಲೆಕ್ಕ ಹಾಕಿದರು. ಬಾಯಿ ಬಿಟ್ಟರೆ ಕೋಣೆ ಹೋಗುತ್ತದೆ. ಬಿಡದಿದ್ದರೆ ಇವಳನ್ನು ಪೊಲೀಸರ ಮುಂದೆ ನಿಲ್ಲಿಸುತ್ತಾರೆ. ಮೂವತ್ತೊಂದು ವರ್ಷ ಒಂದು ಮೆಮೊ ಕೂಡ ತಿನ್ನದ ಮನುಷ್ಯನಿಗೆ ಇಷ್ಟು ದೊಡ್ಡ ಲೆಕ್ಕ ಬಿಡಿಸಿ ಅಭ್ಯಾಸವಿರಲಿಲ್ಲ.

ಶುಕ್ರವಾರ ಸಭಾಂಗಣ ತುಂಬಿತ್ತು. ನಲವತ್ತಮೂರು ಪೀಡಿತರು ಮುಂದಿನ ಸಾಲುಗಳಲ್ಲಿ ರಜೆಯ ಅರ್ಜಿ ಹಿಡಿದು ಕೂತಿದ್ದರು. ವೇದಿಕೆಯ ಮೇಲೆ ದೊಡ್ಡ ಸಾಹೇಬರು. ಅವರ ಮುಂದೆ ಸಮೀಕ್ಷೆಯ ವರದಿ, ಅದಕ್ಕೆ ಅವರು ಓದದೆ ಹಾಕಿದ ಸಹಿ. ಪಕ್ಕದಲ್ಲಿ ಸ್ಟೀಲಿನ ತಟ್ಟೆಯಲ್ಲಿ ಉಪ್ಪು. ಕೈಪಿಡಿಯ ಪ್ರಕಾರ ಚಿಕಿತ್ಸೆ ಸಾಕ್ಷಿಗಳ ಎದುರಿಗೇ ಆಗಬೇಕು.

"ಒಂದು ಚಿಟಿಕೆಯಿಂದ ಬಿಪಿಗೆ ಏನೂ ಆಗಲ್ಲ, ನಾನಿದ್ದೀನಿ," ಎಂದರು ಮೇಡಂ. "ನಾಲಿಗೆ ಚಾಚಿ."

ಪಂಡಿತರು ಚಾಚಿದರು. ಉಪ್ಪು ಬಿತ್ತು.

ನಾಲ್ಕು ವರ್ಷದ ಮೇಲೆ ಉಪ್ಪು. ಮೊದಲು ನಾಲಿಗೆಯ ತುದಿ ಚುರುಗುಟ್ಟಿತು, ಆಮೇಲೆ ದವಡೆಯ ಎರಡೂ ಬದಿಯಲ್ಲಿ ನೀರೂರಿತು, ಆಮೇಲೆ ಕಣ್ಣಲ್ಲೂ ಊರಿತು. ರುಚಿ ಎಂದರೆ ಹೀಗಿರುತ್ತದೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಸಭಾಂಗಣ ಉಸಿರು ಹಿಡಿದು ನೋಡುತ್ತಿತ್ತು. ಗೋಡೆಯ ಪಕ್ಕ ನಿಂತ ಹೆಂಡತಿ ಬೆರಳುಗಳನ್ನು ಹಿಸುಕಿಕೊಳ್ಳುತ್ತಿದ್ದುದು ಅವರಿಗೆ ಕಂಡಿತು.

"ಸಾರ್, ಯಾಕೆ?" ಎಂದರು ಪಂಡಿತರು.

ಸಾಹೇಬರನ್ನು ಆ ಕಟ್ಟಡದಲ್ಲಿ ಇದುವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. "ಏನು ಯಾಕೆ?"

"ಇವಳಿಗೆ ಯಾಕೆ ನೋಟೀಸು? ತಪ್ಪು ನನ್ನದು. ಆ ಹದಿನಾರು ಪುಟ ಕೈಪಿಡಿದೇ ಅಲ್ಲ. ನನ್ನ ಭಾವಮೈದುನ ಬರೆದ ಪ್ರಬಂಧದ್ದು, ಜೋಂಬಿಗಳ ಕಥೆ. ಕಚೇರಿ ಗೋಂದಲ್ಲಿ, ಕಚೇರಿ ಟೈಮಲ್ಲಿ, ನಾನೇ ಹೊಲಿದದ್ದು. ಮಾತಿನ ಚಪಲದಲ್ಲಿ ಕೈ ತಪ್ಪಿತು. ಅಲ್ಲಿರಬೇಕಾದ್ದು ಚರಂಡಿ. ಅಲ್ಲಾ ಸಾರ್, ಚರಂಡಿ ಕಾಣೆಯಾಗಿ ವಾರ ಆಯ್ತು, ಒಬ್ಬರಿಗೂ ಯಾಕೆ ಗೊತ್ತಾಗಲಿಲ್ಲ?"

ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ಬೈಂಡರ್ ಆದ್ದರಿಂದ ಅವರ ಜೇಬಿನಿಂದ ನಿಜವಾಗಿಯೇ ಒಂದು ಸೂಜಿ ಬಿತ್ತು, ಕೇಳಿತು.

ಮೇಡಂ ಕೈಪಿಡಿಯ ಹಾಳೆಗಳನ್ನು ಸರಸರನೆ ತಿರುವಿದರು. ಅವರ ಕಣ್ಣು ಹೊಳೆಯುತ್ತಿತ್ತು. "ನೂರ ಇಪ್ಪತ್ತೇಳು. ಎಚ್ಚೆತ್ತವನು ಮೊದಲು ಏಕೆ ಎಂದು ಕೇಳುತ್ತಾನೆ. ಅನಂತರ ಒಡೆಯರೆದುರು ಹಿಂದೆಂದೂ ಆಡದ ಮಾತುಗಳನ್ನು ಆಡುತ್ತಾನೆ. ಸಾರ್, ಅಕ್ಷರ ಅಕ್ಷರ ಸರಿಹೋಗ್ತಿದೆ. ಗುಣ ಆಗಿದ್ದಾರೆ."

"ಮೇಡಂ, ನಾನು ನಿಜ ಹೇಳ್ತಿದ್ದೀನಿ."

"ಹಾಗೆ ಅನ್ನಿಸುತ್ತೆ ಪಂಡಿತ್ರೇ. ಮೊದಮೊದಲು ಎಲ್ಲರಿಗೂ ಹಾಗೇ."

ದೊಡ್ಡ ಸಾಹೇಬರು ದಡ್ಡರಲ್ಲ. ಬೈಂಡರ್ ಹೇಳಿದ್ದು ನಿಜವಾದರೆ ಕೈಪಿಡಿ ತಪ್ಪು, ಸಮೀಕ್ಷೆ ತಪ್ಪು, ಅದರ ಕೆಳಗಿನ ಸಹಿ ದೊಡ್ಡ ತಪ್ಪು. ಬೈಂಡರ್ ಹೇಳಿದ್ದು ಗುಣವಾದ ಲಕ್ಷಣವಾದರೆ ಎಲ್ಲವೂ ಸರಿ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಚಿಕಿತ್ಸೆ ಯಶಸ್ವಿ ಅಂತ ಬರ್ಕೊಳ್ಳಿ. ಮನೆಯವರ ಮೇಲಿನ ನೋಟೀಸು ರದ್ದು. ಉಳಿದ ಹತ್ತು ಪ್ರತಿಯಲ್ಲಿ ಆ ಜಾಗದಲ್ಲಿ ಏನೋ ಚರಂಡಿ ಅಂತ ಇದೆಯಂತೆ, ಅದನ್ನ ಕಿತ್ತು ಇದನ್ನೇ ಹಾಕಿಸಿ. ಹೊರಗೆ ಯಂತ್ರದಲ್ಲಿ ಮಾಡ್ಸಿ. ಮೇಡಂ, ಗುಣ ಆದವನನ್ನ ಏನು ಮಾಡಬೇಕು ಅಂತಿದೆ?"

ಮೇಡಂ ಆ ಹದಿನಾರರ ಕೊನೆಯ ಪುಟ ಓದಿದರು. "ಎಚ್ಚೆತ್ತವನು ನೇರವಾಗಿ ಸ್ಮಶಾನಕ್ಕೆ ನಡೆಯುತ್ತಾನೆ. ಅವನನ್ನು ತಡೆಯತಕ್ಕದ್ದಲ್ಲ."

ಸಾಹೇಬರ ಮುಖ ಅರಳಿತು. ವರ್ಗಾವಣೆಯ ಆದೇಶ ಹತ್ತೇ ನಿಮಿಷದಲ್ಲಿ ಟೈಪಾಗಿ ಬಂತು. ನಲವತ್ತಮೂರು ಜನ ಇದನ್ನು ನೋಡಿ ತಟ್ಟೆಯಲ್ಲಿದ್ದ ಉಪ್ಪಿನ ಕಡೆ ಒಮ್ಮೆ ನೋಡಿದರು. ಅರ್ಜಿಗಳನ್ನು ಜೇಬಿಗೆ ಹಾಕಿಕೊಂಡು, ತಮಗೆ ಏನೂ ಆಗಿಲ್ಲವೆಂದು ಬರೆದುಕೊಟ್ಟು, ತಮ್ಮ ತಮ್ಮ ಮೇಜುಗಳಿಗೆ ಹಿಂದಿರುಗಿದರು.

ಪಂಡಿತರು ಮೂರು ಲೋಟ ನೀರು ಕುಡಿದರು. ಕೋಣೆಗೆ ಹೋಗಿ ದಬ್ಬಣ ಒರೆಸಿ, ಒತ್ತುಯಂತ್ರದ ಹಿಡಿಯ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ನಿಂತರು. ಅಳು ಬಂತು, ಅತ್ತರು. ಹೆಂಡತಿ ಹೊರಗೆ ಕಾದಿದ್ದಳು. ಮನೆ ಸೇರಿದ ಮೇಲೆ ಸ್ಟೂಲು ಹತ್ತಿ, ಉಪ್ಪಿನ ಡಬ್ಬಿಯನ್ನು ಮೇಲಿನ ಹಲಗೆಯಿಂದ ಕೆಳಗಿನ ಹಲಗೆಗೆ ಇಳಿಸಿದಳು. "ಚಿಟಿಕೆ ಅಂದ್ರೆ ಚಿಟಿಕೆ," ಎಂದಳು.

ಸ್ಮಶಾನದ ಗೇಟಿನ ಕೋಣೆ ಪುಟ್ಟದು, ಬೆಳಕು ಚೆನ್ನಾಗಿತ್ತು. ಬರುವವರು ಕಡಿಮೆ, ಬಂದವರು ಭಾಷಣ ಕೇಳುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಮಾತಾಡಲು ಯಾರೂ ಸಿಗದೆ ಪಂಡಿತರು ಓದತೊಡಗಿದರು. ಭಾವಮೈದುನ ಡಾಕ್ಟರೇಟ್ ಪಡೆದು, ಚಿನ್ನದ ಅಕ್ಷರದ ಪ್ರಬಂಧವನ್ನು ತಂದುಕೊಟ್ಟ. ಪಂಡಿತರು ಜೀವಮಾನದಲ್ಲಿ ಮೊದಲ ಸಲ ಪುಸ್ತಕವೊಂದರ ಎರಡನೇ ಪುಟ ಓದಿದರು. ಮೂರನೆಯದು ಓದಿದರು. ಹನ್ನೆರಡು ದಿನಕ್ಕೆ ನೂರ ಹದಿಮೂರಕ್ಕೆ ಬಂದರು.

ಹದಿನಾರು ಪುಟ ಮುಗಿಸಿ ಎದ್ದು ಹೊರಗೆ ಹೋದರು. ಗೇಟಿನ ಪಕ್ಕದ ಚರಂಡಿ ಬಾಯಿಮಟ್ಟ ಹೂಳು ತುಂಬಿ ನಿಂತಿತ್ತು. ಒಳಗೆ ಬಂದು ಕಾಗದ ಎತ್ತಿಕೊಂಡು ಆರೋಗ್ಯ ವಿಭಾಗಕ್ಕೆ ಬರೆದರು: ಕೈಪಿಡಿಯ ಪುಟ ನೂರ ಹದಿಮೂರರ ಪ್ರಕಾರ ಚರಂಡಿಯನ್ನು ಹದಿನೈದು ದಿನಕ್ಕೊಮ್ಮೆ ಶುಚಿ ಮಾಡತಕ್ಕದ್ದು. ಇಲ್ಲಿ ಮಾಡಿಲ್ಲ. ಯಾಕೆ?

ಮೂರನೇ ದಿನ ಮೊಹರು ಒತ್ತಿದ ಉತ್ತರ ಬಂತು. ತಾವು ಸೂಚಿಸಿರುವ ನಿಯಮವು ನಗರಸಭೆಯ ಹನ್ನೊಂದು ಕೈಪಿಡಿಗಳಲ್ಲಿ ಎಲ್ಲಿಯೂ ಕಂಡುಬರುವುದಿಲ್ಲ. ತಾವು ಮತ್ತೆ ಉಪ್ಪು ನಿಲ್ಲಿಸಿರುವಿರಾ ಎಂಬ ಬಗ್ಗೆ ಏಳು ದಿನಗಳೊಳಗೆ ಮನೆಯವರ ಸಹಿಯೊಂದಿಗೆ ವಿವರಣೆ ಕೊಡುವುದು.